ಓಬಳಪ್ಪ ಮೇಷ್ಟ್ರ ಬಾಯಿಗೆ ಬಾರದ ಇಂಗ್ಲಿಷು

ಬೆಳಕು ಈಗಷ್ಟೇ ಹರಿಯುತ್ತಿದೆ. ಬಿಳಿಚೋಡಿನ ಹತ್ತಿರದ ಒಂದು ಮಿಡ್ಲ್ ಸ್ಕೂಲಿನ ಜಗಲಿಯಲ್ಲಿ ಹನ್ನೊಂದು ಮಕ್ಕಳು ಇಂಗ್ಲಿಷ್ ವ್ಯಾಕರಣದ ಸೂತ್ರಗಳನ್ನು ಮಗ್ಗಿಯ ರಾಗದಲ್ಲಿ ಒಪ್ಪಿಸುತ್ತಿದ್ದಾರೆ. ಓಬಳಪ್ಪ ಮೇಷ್ಟ್ರ ಕಣ್ಣು ಮಾತ್ರ ಕುರಿಹಟ್ಟಿಯ ದಾರಿಯ ಮೇಲಿದೆ. ಹಟ್ಟಿಯ ಹುಡುಗಿ ದುರುಗಕ್ಕ ಇವತ್ತೂ ಬಂದಿಲ್ಲ. ಅವಳು ಶಾಲೆ ಬಿಟ್ಟು ಒಂಬತ್ತು ದಿನವಾಯಿತು.

ಮೇಷ್ಟ್ರಿಗೆ ಮನೆಯಲ್ಲಿ ತೆಲುಗು, ಊರಲ್ಲಿ ಕನ್ನಡ. ಎರಡನ್ನೂ ಯಾರೂ ಕಲಿಸಲಿಲ್ಲ, ತಾವಾಗಿ ಬಂದವು. ಇಂಗ್ಲಿಷು ಮಾತ್ರ ಪುಸ್ತಕದಿಂದ ಬಂತು, ಬೆತ್ತದ ಜೊತೆಗೆ. ಈ ಸಾವಿರದ ಒಂಬೈನೂರ ನಲವತ್ಮೂರನೇ ಇಸವಿಗೆ ಅವರು ಪಾಠ ಹೇಳತೊಡಗಿ ಹದಿನೆಂಟು ವರ್ಷ. ಮುನ್ನೂರು ಮಕ್ಕಳನ್ನು ಪರೀಕ್ಷೆ ದಾಟಿಸಿದ್ದಾರೆ. ಸ್ವಂತದ್ದೊಂದು ಇಂಗ್ಲಿಷ್ ಮಾತು ಮಾತ್ರ ಆಡಿದವರಲ್ಲ.

"ಸೂತ್ರ ಪೂರಾ ಬರೋತನಕ ಬಾಯಿ ಬಿಡಬಾರ್ದು ಅಂತ ತಿಳ್ಕಂಡಿದ್ದೆ ರೀ. ತಪ್ಪಾಡಿದ್ರೆ ನಾಲಿಗೆ ಮೈಲಿಗೆ ಅಂತ," ಎನ್ನುತ್ತಾರೆ. ಅದಕ್ಕೇ ತಪ್ಪು ಇಂಗ್ಲಿಷ್ ಆಡಿದ ಮಗು ಮೂಲೆಯ ಗಡಿಗೆಯ ನೀರಿನಲ್ಲಿ ಬಾಯಿ ಮುಕ್ಕಳಿಸಿ ಬರಬೇಕು. ಇದು ಅವರ ತರಗತಿಯ ಕಟ್ಟಳೆ.

ಒಂಬತ್ತು ದಿನದ ಹಿಂದೆ ಶಾಲಾ ತನಿಖೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಎಷ್ಟು ವರ್ಷದಿಂದ ಪಾಠ ಮಾಡುತ್ತಿದ್ದೀರಿ ಎಂದು ಇಂಗ್ಲಿಷಿನಲ್ಲೇ ಕೇಳಿದರು. ಪ್ರಶ್ನೆ ತಿಳಿಯಿತು. ಉತ್ತರಕ್ಕೆ ಯಾವ ಸೂತ್ರವೆಂದು ಹುಡುಕುತ್ತ ಮೇಷ್ಟ್ರು ಬೆವೆತುಹೋದರು. ಆಗ ಹಿಂದಿನ ಸಾಲಿನಿಂದ ದುರುಗಕ್ಕ ಎದ್ದು, ಅವರ ಪರವಾಗಿ ತನ್ನ ಮುರುಕು ಇಂಗ್ಲಿಷಿನಲ್ಲಿ ಉತ್ತರಿಸಿದಳು. ಸಾಹೇಬರು ಖುಷಿಯಿಂದ ತಲೆದೂಗಿ ಹೊರಟರು. ಅವರು ಅತ್ತ ಮರೆಯಾದದ್ದೇ ತಡ, ಮೇಷ್ಟ್ರ ಬೆರಳು ಗಡಿಗೆಯತ್ತ ಚಾಚಿತು. ಹುಡುಗಿ ಬಾಯಿ ಮುಕ್ಕಳಿಸಿದಳು, ಚೀಲ ಎತ್ತಿಕೊಂಡು ಮನೆಗೆ ಹೋದಳು.

"ನನ್ನ ಮಾನ ಉಳಿಸಿದ ಮಗು ರೀ ಅದು. ಅದರ ಬಾಯೇ ತೊಳೆಸಿಬಿಟ್ಟೆ. ಈ ಮಕ್ಕಳ ಮುಂದೆ ತಲೆ ಎತ್ತಾಕೆ ನಾಚಿಕೆ ಆಗ್ತೈತೆ."

ಬೆಳಗಿನ ಪಾಠ ಮುಗಿದದ್ದೇ ಮೇಷ್ಟ್ರು ಹಟ್ಟಿಗೆ ನಡೆಯುತ್ತಾರೆ. ದುರುಗಕ್ಕನ ತಾಯಿ ಕೆಂಪಕ್ಕ ಕುರಿದೊಡ್ಡಿ ಗುಡಿಸುತ್ತಿದ್ದಾಳೆ.

"ಓದಿದ್ದು ಸಾಕು ಅಂತಾಳೆ ರೀ ಮೇಷ್ಟ್ರೇ. ಕೇಳಿದ್ರೆ ಬಾಯೇ ಬಿಡಲ್ಲ."

ಹುಡುಗಿ ತಾಯಿಯ ಬೆನ್ನ ಹಿಂದೆ ನಿಂತಿದ್ದಾಳೆ. ಮೇಷ್ಟ್ರು ಕುರಿಗಳ ನಡುವೆ ನಿಂತು, ನಾಳೆಯಿಂದ ಶಾಲೆಗೆ ಬಾ ಎಂದು ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಹುಡುಗಿ ಕಣ್ಣರಳಿಸುತ್ತಾಳೆ.

"ತಪ್ಪೈತೆ ಮೇಷ್ಟ್ರೇ."

"ಗೊತ್ತೈತೆ ಕಣವ್ವ. ತಪ್ಪು ಮಾತಾಡಾಕೆ ನಂಗಿನ್ನೂ ಹೆದ್ರಿಕೆ. ನೀನು ಬಂದು ಎದುರಿಗೆ ಕೂತ್ರೆ ಕಲೀತೀನಿ."