ಬೋರ್ಡಿನಿಂದ ಅಳಿಸಿದ ಪದ

ಎಂ.ಬಿ.ಬಿ.ಎಸ್. ಮುಗಿಸಿದ ಗೆಳತಿಯರೆಲ್ಲ ಹೆರಿಗೆ ವಾರ್ಡಿನ ಕಡೆ ಮುಖ ಮಾಡಿದಾಗ ಕೋಕಿಲಾ ಹಿಡಿದದ್ದು ಚರ್ಮ ಮತ್ತು ಗುಪ್ತರೋಗದ ಡಿಪ್ಲೊಮಾ. ಆಗ ಇವೆರಡಕ್ಕೂ ಸೇರಿ ಒಂದೇ ಓದು, ಒಂದೇ ಪರೀಕ್ಷೆ. ಒಂದು ಸಾಕು, ಇನ್ನೊಂದು ಬೇಡ ಅನ್ನುವ ಹಾಗಿರಲಿಲ್ಲ. ದೊಡ್ಡ ಆಸ್ಪತ್ರೆಯ ತರಬೇತಿಯಲ್ಲಿ ಗಂಡಸರು ಇವಳನ್ನು ಕಂಡೊಡನೆ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಹೆಂಗಸರು ಮಾತ್ರ ಸೆರಗಿನ ಮರೆಯಿಂದಲೇ ಮಾತು ಶುರುಮಾಡಿ, ಕೊನೆಗೆ ಅವಳ ಕೈ ಹಿಡಿದು ಅತ್ತುಬಿಡುತ್ತಿದ್ದರು. ಈ ಕೆಲಸ ತನ್ನದೇ ಎಂದು ಅವಳಿಗೆ ಖಚಿತವಾದದ್ದು ಅಲ್ಲೇ.

೧೯೭೪ರಲ್ಲಿ ರಾಜಾಜಿನಗರದ ಏಕಾಂತಯ್ಯನವರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ಕಲಿತದ್ದನ್ನೆಲ್ಲ ಬೋರ್ಡಿನ ಮೇಲೆ ಬರೆಸಿದಳು. ಪದವಿ ಕೊಟ್ಟ ವಿಶ್ವವಿದ್ಯಾಲಯಕ್ಕೆ ಇಲ್ಲದ ನಾಚಿಕೆ ನಮ್ಮ ಬೀದಿಗೆ ಇತ್ತು. ಏಕಾಂತಯ್ಯ ಕೆಟ್ಟವರಲ್ಲ, ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂಬ ಭಯದಲ್ಲೇ ಅರ್ಧ ಸವೆದ ಮನುಷ್ಯ.

"ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾ ಇದಾರಮ್ಮ. ಬಾಗಿಲಲ್ಲೇ ಗುಪ್ತರೋಗ ಅಂತಿದ್ರೆ ಹೆಂಗೆ? ಚರ್ಮ ಒಂದೇ ಇರ್ಲಿ. ಇಲ್ದಿದ್ರೆ ಬೇರೆ ಕಡೆ ನೋಡ್ಕೊಳ್ಳಿ."

ಹೊಸ ಕ್ಲಿನಿಕ್ಕು, ಕೋಕಿಲಾ ಹೂಂ ಅಂದಳು. ಪದ ಅಳಿಸಿಹೋಯಿತು. ಮೊಡವೆಯ ಹುಡುಗಿಯರು, ಇಸುಬಿನ ಅಜ್ಜಿಯರು ಸಾಲುಗಟ್ಟಿದರು. ಏಕಾಂತಯ್ಯನವರ ಮಗಳ ಮದುವೆಯೂ ಆಯಿತು. ಕೈತುಂಬ ಕೆಲಸವಿರುವಾಗ ಮತ್ತೆ ಆ ರಗಳೆ ಯಾಕೆ ಎಂದು ಕೋಕಿಲಾಳೂ ಸುಮ್ಮನಾದಳು.

ಒಂದು ಬೆಳಿಗ್ಗೆ ಲಗ್ಗೆರೆಯಿಂದ ಚಿಕ್ಕಗಂಗಮ್ಮ ಎಂಬ ಕಾರ್ಖಾನೆ ಕೂಲಿಯಾಕೆ ಬಂದಳು. ಅಂಗೈ ತುಂಬ ತುರಿಕೆಯಿಲ್ಲದ ತಾಮ್ರಬಣ್ಣದ ಕಲೆಗಳು. ಗಂಡನಿಂದ ಅಂಟಿದ ಗುಪ್ತರೋಗವೆಂದು ಕೋಕಿಲಾಗೆ ನೋಡಿದೊಡನೆ ಅನುಮಾನ ಬಂತು. ವಿಚಾರಿಸಿದರೆ, ಹೋದ ತಿಂಗಳು ಹೆತ್ತ ಮಗು ಹೊಟ್ಟೆಯಲ್ಲೇ ಸತ್ತಿತ್ತಂತೆ.

"ಬಸುರಿ ಇದ್ದಾಗ್ಲೇ ಬಂದಿದ್ರೆ ಇಂಜೆಕ್ಷನ್ ಕೊಟ್ಟು ಉಳಿಸ್ಕೋಬಹುದಿತ್ತಲ್ಲಮ್ಮ."

"ಬಂದಿದ್ದೆ ಕಣವ್ವ, ಬಸುರಿ ಇದ್ದಾಗ ಕೆಳಗೆ ಹುಣ್ಣಾಗಿತ್ತು. ಗುಪ್ತರೋಗ ಅಂತ ಬೋರ್ಡಲ್ಲೇ ಬರೆದವ್ರೆ ಅಂತ ಜತೆ ಕೆಲಸದೋಳು ಗುರುತು ಹೇಳಿದ್ಲು. ಅಕ್ಷರ ಕೂಡಿಸ್ಕೊಂಡು ಓದ್ದೆ, ಆ ಪದ ಇರ್ಲಿಲ್ಲ. ಈ ಕಾಯಿಲೆ ಡಾಕ್ಟ್ರು ಎಲ್ಲವ್ರೆ ಅಂತ ಯಾರನ್ನ ಕೇಳ್ಲಿ? ವಾಪಸ್ ಹೋದೆ. ಈಗ ಕೈ ಹಿಂಗಾಯ್ತಲ್ಲ, ಚರ್ಮದ ಡಾಕ್ಟ್ರು ಅಂತ ಬಂದೆ."

ಕೋಕಿಲಾ ಪರೀಕ್ಷೆಗೆ ರಕ್ತ ತೆಗೆದುಕೊಂಡು, ಇಂಜೆಕ್ಷನ್ ಕೊಟ್ಟು, ಗಂಡನನ್ನೂ ಕರೆತರಲು ಹೇಳಿ ಕಳಿಸಿದಳು. ಆಮೇಲೆ ನೇರ ಏಕಾಂತಯ್ಯನವರ ಮುಂದೆ ಹೋಗಿ ನಿಂತಳು.

"ಆ ಪದ ಇವತ್ತೇ ಬರೆಸ್ತೀನಿ. ಆಗಲ್ಲ ಅಂದ್ರೆ ರೂಮು ಖಾಲಿ ಮಾಡ್ತೀನಿ."

"ಎಲ್ಲಾ ಚೆನ್ನಾಗೇ ನಡೀತಿದೆಯಲ್ಲಮ್ಮ. ಈಗೇನಾಯ್ತು?"

"ಅವತ್ತು ನಾನು ಹೂಂ ಅಂದಿದ್ದಕ್ಕೆ ಒಂದು ಮಗು ಹೋಯ್ತು ಸಾರ್," ಅಂದಳು ಕೋಕಿಲಾ.