ಹಕ್ಕುಗಳಿಗೆ ತಾತ್ಕಾಲಿಕ ವಿರಾಮ

ಇವತ್ತು ಬೆಳಿಗ್ಗೆ ಕಿಟಕಿ ಒರೆಸಲು ಬಟ್ಟೆ ಹುಡುಕಿದರೆ ಕೈಗೆ ಸಿಕ್ಕಿದ್ದು ಹಳೆಯ ನೇರಳೆ ಟೀ ಶರ್ಟು. ಎದೆಯ ಮೇಲೆ ‘ಹೆಣ್ಣಿನ ಹಕ್ಕು, ಜಗದ ಬೆಳಕು’ ಎಂದಿತ್ತು. ಒಗೆದು ಒಗೆದು ಹಕ್ಕು ಹೋಗಿ ಬೆಳಕಷ್ಟೇ ಉಳಿದಿದೆ.

ನಿಮಗೆ ಗೊತ್ತಿರಲಿಕ್ಕಿಲ್ಲ, ಹಿಂದೊಮ್ಮೆ ದೂರದ ಶ್ರೀಮಂತ ದೇಶವೊಂದು ತನ್ನ ವಿದೇಶಾಂಗ ನೀತಿಯಲ್ಲಿ ನಮ್ಮ ಹರಪನಹಳ್ಳಿ ಕಡೆಯ ಹುಡುಗಿಯರನ್ನೂ ಸೇರಿಸಿಕೊಂಡಿತ್ತು. ಅಷ್ಟು ದೊಡ್ಡ ನೀತಿ ಬಸ್ ಸ್ಟ್ಯಾಂಡ್ ಹಿಂದಿನ ಬಾಡಿಗೆ ಕೋಣೆಗೆ ಬಂದಿಳಿದಾಗ ಅದರ ತಾಲ್ಲೂಕು ಸಂಯೋಜಕಿ ನಾನೇ; ಈ ಟೀ ಶರ್ಟು ಆಗಿನದು. ಆ ದೇಶದಿಂದ ಬಂದ ಅತಿಥಿಗಳು ಇಂಗ್ಲಿಷಿನಲ್ಲಿ ಸಬಲೀಕರಣ ಎಂದರೆ ಕನ್ನಡಕ್ಕೆ ತರುತ್ತಿದ್ದೆ. ಹೆಂಗಸರು “ನಳದಾಗ ನೀರು ಬಂದಿಲ್ಲ” ಎಂದರೆ ಅದನ್ನೂ ಸಬಲೀಕರಣವೆಂದೇ ಇಂಗ್ಲಿಷಿಗೆ ಕಳಿಸುತ್ತಿದ್ದೆ.

ನಮ್ಮ ಹೆಮ್ಮೆ ನಮ್ಮದೇ ತಾಲ್ಲೂಕಿನ ಅರಸೀಕೆರೆಯ ಬೀದಿನಾಟಕ. ಬಾಲ್ಯವಿವಾಹ ತಡೆಯುವ ಅಧಿಕಾರಿಯ ಪಾತ್ರ ಆ ಊರಿನ ಕೊಟ್ರಪ್ಪನದು. ಮೀಸೆ ತಿರುವಿ, “ಹದಿನೆಂಟು ತುಂಬೋಮಟ ತಾಳಿ ಮುಟ್ಟಿದ್ರೆ ಕೈಗೆ ಬೇಡಿ ಬೀಳ್ತಾವ!” ಎಂದು ಅವನು ಗುಡುಗಿದರೆ ಅತಿಥಿಗಳ ಕಣ್ಣಲ್ಲಿ ನೀರು. ಊರಿಗೆಲ್ಲ ಆ ಮಾತು ಬಾಯಿಪಾಠ.

ಆಮೇಲೆ ಆ ದೇಶದಲ್ಲಿ ಸರ್ಕಾರ ಬದಲಾಯಿತು. ಹೊಸಬರಿಗೆ ನಮ್ಮ ಹುಡುಗಿಯರು ಬೇಡವಾದರು. ‘ಎಲ್ಲ ಚಟುವಟಿಕೆಗಳಿಗೆ ತಾತ್ಕಾಲಿಕ ವಿರಾಮ’ ಎಂಬ ಸಂದೇಶ ಬಂದು, ಮಧ್ಯಾಹ್ನದೊಳಗೆ ಬೋರ್ಡು ಇಳಿಯಿತು.

ಅದೇ ವಾರ ಕೊಟ್ರಪ್ಪನ ಮಗಳು, ಪಿಯುಸಿ ಓದುತ್ತಿದ್ದ ಹದಿನೇಳರ ಚೈತ್ರಾ ಫೋನು ಮಾಡಿದಳು.

“ಅಕ್ಕಾ, ನಮ್ಮಪ್ಪ ಕೂಡ್ಲಿಗಿ ಕಡಿ ಗಂಡು ನೋಡ್ಯಾನ. ನಾಳಿ ನಿಶ್ಚಯ.”

“ನಮ್ಮ ಪ್ರಾಜೆಕ್ಟಿಗೆ ಈಗ ವಿರಾಮ ಐತವ್ವಾ...”

“ಹಂಗಾರೆ ನನ್ನ ಮದುವಿಗೂ ಒಂದೀಟು ವಿರಾಮ ಕೊಡಸ್ರಿ.”

ಮರುದಿನ ಬ್ಯಾನರಿಲ್ಲದೆ, ಬ್ಯಾಡ್ಜಿಲ್ಲದೆ ಹೋದೆ. ಕೊಟ್ರಪ್ಪ ಹೊಸ ಪಂಚೆಯಲ್ಲಿ ಬೀಗರಿಗೆ ಎಲೆಅಡಿಕೆ ಜೋಡಿಸುತ್ತಿದ್ದ. ಅವನ ಮುಖ ನೋಡಿದೆ.

“ಅದು ನಾಟಕ ಬಿಡ್ರಿ ಮೇಡಂ,” ಎಂದ. “ಇದು ಸಂಸಾರ. ಒಳ್ಳೆ ಮನಿತನ, ಬಿಟ್ರೆ ಸಿಗಂಗಿಲ್ಲ.”

ನಾನು ಕಾನೂನು ಹೇಳಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಚೈತ್ರಾ ಎದ್ದು ನಿಂತಳು. ಇಲ್ಲದ ಮೀಸೆ ತಿರುವಿ, ಅಪ್ಪನದೇ ದನಿಯಲ್ಲಿ ಅಪ್ಪನದೇ ಮಾತು ಗುಡುಗಿದಳು. ಯಾರೂ ನಗಲಿಲ್ಲ. ಆಗ ಅಡುಗೆಮನೆ ಬಾಗಿಲಿಂದ, ಗಂಡನೆದುರು ಎಂದೂ ದನಿ ಎತ್ತದ ಅವಳ ತಾಯಿ ಗಂಗಮ್ಮ ಅದನ್ನೇ ಮೆಲ್ಲಗೆ ಹೇಳಿದಳು. ಹಿಂದೆಯೇ ನಿಶ್ಚಯಕ್ಕೆ ಬಂದಿದ್ದ ಓಣಿಯ ಹೆಂಗಸರೆಲ್ಲ.

“ಇದು ಊರೋ, ಪೊಲೀಸ್ ಠಾಣೆನೋ? ಏಳ್ರಿ ಹೋಗಾಣ,” ಎಂದು ಗಂಡಿನ ದೊಡ್ಡಪ್ಪ ತಟ್ಟೆ ಸರಿಸಿ ಎದ್ದ.

ಬೀಗರು ಹೋದ ಮೇಲೆ ಕೊಟ್ರಪ್ಪ ಮಗಳ ಮೇಲೆ ಕೈ ಎತ್ತಿದ. ಗಂಗಮ್ಮ ನಡುವೆ ಬಂದು ನಿಂತಳು, ಸರಿಯಲಿಲ್ಲ. ಎತ್ತಿದ ಕೈ ಇಳಿಯಿತು. ಅಪ್ಪ ಮಗಳ ನಡುವೆ ಮಾತು ಮಾತ್ರ ಬಹಳ ದಿನ ನಿಂತುಹೋಯಿತು. ಚೈತ್ರಾ ಈಗ ನರ್ಸಿಂಗ್ ಓದುತ್ತಿದ್ದಾಳೆ.

ಟೀ ಶರ್ಟು ಹಿಡಿದು ಹೀಗೆ ಕೂತಿದ್ದಾಗಲೇ ಗಂಗಮ್ಮನ ಫೋನು ಬಂತು.

“ಮೇಡಂ, ಹಿಂದಿನ ಓಣ್ಯಾಗ ಇನ್ನೊಂದು ಸಣ್ಣ ಹುಡುಗಿನ್ನ ನೋಡಾಕ ಗಂಡಿನ ಕಡ್ಯಾರು ಬರಾಕತ್ಯಾರ. ನಾವು ಹೆಂಗಸ್ರು ಹೊಂಟೀವಿ. ಬರ್ತೀರೇನು?”

“ನಾನೀಗ ಯಾವ ಪ್ರಾಜೆಕ್ಟಿನಾಗೂ ಇಲ್ಲಲ್ರೀ.”

“ಅದನ್ನ ಯಾರು ಕೇಳಿದ್ರು? ನಮ್ಮ ಚಿಕ್ಕವ್ವಗ ನಡಿಯಾಕಾಗಂಗಿಲ್ಲ, ನಿಮ್ಮ ಸ್ಕೂಟಿ ತರ್ರಿ.”

ಹೊರಟಿದ್ದೇನೆ. ಅಂತರರಾಷ್ಟ್ರೀಯ ಅಭಿವೃದ್ಧಿಯಲ್ಲಿ ನನ್ನ ಈಗಿನ ಹುದ್ದೆ, ಚಿಕ್ಕವ್ವನ ಡ್ರೈವರ್.