ಒಳಗಿನ ಅರಿವಿ

…‘ಒಳಗಿನ ಅರಿವಿ ಅಂದ್ರ ಸಾಕು, ಹೆಂಗಸರಿಗೆ ತಿಳೀತದ.’ ಹಾಗೇನೋ ಹೇಳಿ, ಮನೆಮನೆ ತಿರುಗಿ ಬಡವರಿಗೆ ಬಟ್ಟೆ ಕೂಡಿಸುವ ತನ್ನ ಚೀಲವನ್ನು ನನ್ನ ಹೆಗಲಿಗೆ ಹಾಕಿ, ಹೆಂಡತಿ ಹಿರೇಕೆರೂರಿನ ತವರಿಗೆ ಹೋಗಿದ್ದಾಳೆ. ಹಾನಗಲ್ಲಿನ ಬೋರ್ಡಿಂಗಿನ ಐದು ಬಡ ಹುಡುಗಿಯರಿಗೆ ಒಳಲಂಗವಿಲ್ಲ. ಮೇಲಿನ ಲಂಗ ಸವೆದು ಜಾಳಾಗಿದೆ ಎಂದು ವಾರದಿಂದ ಅವರು ಶಾಲೆಗೆ ಹೋಗಿಲ್ಲ.

ಗೆಳೆಯರೇ, ಇವತ್ತು ಬೆಳಿಗ್ಗೆ ಸವಣೂರಿನ ನಮ್ಮ ಓಣಿಯ ಅಂಬಕ್ಕನ ಬಾಗಿಲಲ್ಲಿ ನಿಂತು, ನೆಲ ನೋಡುತ್ತ ಹೇಳಿದೆ: “ಬೋರ್ಡಿಂಗಿನ ಐದು ಹುಡಿಗ್ಯಾರು ಸಾಲಿ ಬಿಟ್ಟು ಕುಂತಾರ್ರಿ. ಒಳಗಿನ ಅರಿವಿ ಬೇಕಾಗ್ಯಾವ.”

“ಒಳಗಿನ ಅರಿವೀ?” ಎಂಬತ್ತರ ಅಂಬಕ್ಕ ನನ್ನನ್ನೇ ನೋಡಿದರು. ದೇವರಮನೆಗೆ ಹೋದರು. ಯಾರೂ ಮುಟ್ಟದಂತೆ ಗಳದ ಮೇಲೆ ಒಣಹಾಕಿದ್ದ ಮಡಿಸೀರೆಯನ್ನು ಕೋಲಿನಿಂದ ಇಳಿಸಿ, ಕೋಲಿನಿಂದಲೇ ನನ್ನ ಚೀಲಕ್ಕೆ ಹಾಕಿದರು.

“ಇದರಕಿಂತಾ ಒಳಗಿಂದು ನಮ್ಮನ್ಯಾಗ ಇಲ್ಲಪಾ.”

“ಅದಲ್ಲರಿ ಅಂಬಕ್ಕಾ… ಲಂಗದ ಒಳಗ ಹಾಕ್ಕೋತಾರಲ್ಲ, ಅದು.”

“ಅಯ್ಯ, ಒಳಲಂಗ ಅನ್ನಲಿಕ್ಕೆ ಬಾಯಿ ಬರೂದಿಲ್ಲೇನು? ನಾಚಿಕಿ ನಿನಗ, ಸಾಲಿ ತಪ್ಪೂದು ಆ ಹುಡಿಗ್ಯಾರಿಗೇನು?”

ನಾನು ಸೀರೆ ಹಿಂದಿರುಗಿಸಲು ಹೋದೆ.

“ಇರಲಿ ಬಿಡು. ಹದಿನೆಂಟು ಮೊಳ ಅದ, ಐದೂ ಮಂದಿಗೆ ಆಗ್ತದ. ಹೊಲಿಸು.”

ಸಂಜೆಗೆ ದರ್ಜಿ ಕತ್ತರಿಸಿ, ಹೊಲಿದೂ ಕೊಟ್ಟ. ಹಿರೇಕೆರೂರಿನಲ್ಲಿ ಆರಾಮಾಗಿ ಕುಳಿತವಳೇ, ನೀನೇ ಹೇಳು: ನಾಳೆ ಮಡಿ ಉಟ್ಟು ಶಾಲೆಗೆ ಹೊರಡುವ ಆ ಹುಡುಗಿಯರನ್ನು ಇನ್ನು ನಾವು ಮುಟ್ಟಬಹುದೇ?